ಠಕ್ಕರ ಕತೆ ಬರೆದ ಸಾಹೇಬನನ್ನು ಸುರಪುರದ ಹುಡುಗ ಅಪ್ಪ ಎಂದ

‘ಥಗ್ ಲೈಫ್’ ಅಂದರೆ ಈಗ ಮೀಮು. ಎದುರಿನವರ ಬಾಯಿ ಮುಚ್ಚಿಸುವಂಥ ಮಾತು ಯಾರಾದರೂ ಆಡಿದರೆ ಸಾಕು, ಕಪ್ಪು ಕನ್ನಡಕವೊಂದು ಮೇಲಿಂದ ಇಳಿದು ಮೂಗಿನ ಮೇಲೆ ಕೂರುತ್ತೆ, ಹಿಂದೆ ರ‍್ಯಾಪ್ ಶುರುವಾಗುತ್ತೆ. ಅದೇ ಹೆಸರಿನ ತಮಿಳು ಸಿನಿಮಾ 2025ರಲ್ಲಿ ನಮ್ಮ ರಾಜ್ಯದಲ್ಲಿ ಎಬ್ಬಿಸಿದ ಗಲಾಟೆ ನಿಮಗೆ ನೆನಪಿರಬೇಕು. ಅಮೆರಿಕದಲ್ಲಿ ಈ ಪದಕ್ಕೆ ಇನ್ನೊಂದು ಬಳಕೆಯಿದೆ. ಪೊಲೀಸರ ಗುಂಡಿಗೆ ಕರಿಯ ಹುಡುಗನೊಬ್ಬ ಸತ್ತಾಗ, ಅವನು ಹೇಗೂ ಥಗ್ ಆಗಿದ್ದ ಬಿಡಿ ಎನ್ನುವವರು ಅಲ್ಲಿ ಇದ್ದೇ ಇರುತ್ತಾರೆ. ಒಂದೇ ಪದ. ಸತ್ತವನ ಹೆಸರೂ ಬೇಡ, ಕತೆಯೂ ಬೇಡ.

ಈ ಪದ ಇಂಗ್ಲಿಷಿಗೆ ಹೋಗಿದ್ದು ನಮ್ಮ ಕಡೆಯಿಂದ. ಹಿಂದಿ, ಮರಾಠಿಯ ಠಗ್ ಮತ್ತು ನಮ್ಮ ಠಕ್ಕ ಹತ್ತಿರದ ನೆಂಟರು. ಅದನ್ನು ಲಂಡನ್ನಿನ ಮನೆಮನೆಯ ಮಾತಾಗಿಸಿದ ಲೇಖಕ ಕನ್ನಡ ನೆಲದಲ್ಲೇ ಹನ್ನೆರಡು ವರ್ಷ ಬದುಕಿದ. ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್. ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡದ ಮೇಲೆ ಅವನ ಬಂಗಲೆ ಇವತ್ತಿಗೂ ಇದೆ. ಜನ ಅದನ್ನು ಟೇಲರ್ ಮಂಜಿಲ್ ಅಂತಾರೆ.

ಟೇಲರನ ಬದುಕನ್ನು ಈಗ ಯಾಕೆ ಓದಬೇಕು? ಪೂರ್ವಗ್ರಹದ ಬಗ್ಗೆ ನಾವೆಲ್ಲ ನಂಬಿಕೊಂಡು ಬಂದ ಒಂದು ಮಾತಿದೆ. ಬೆರೆತರೆ ಕರಗುತ್ತೆ, ದೂರ ಇದ್ದರೆ ಗಟ್ಟಿಯಾಗುತ್ತೆ ಅಂತ. ಹಾಸ್ಟೆಲಿನಲ್ಲಿ ಬೇರೆ ಊರಿನವನ ಜೊತೆ ರೂಮು ಹಂಚಿಕೊಳ್ಳಿ, ಬೇರೆ ಜಾತಿಯವರ ಮನೆಯಲ್ಲಿ ಉಣ್ಣಿ, ಬೇರೆ ರಾಜ್ಯದಲ್ಲಿ ಒಂದಷ್ಟು ದಿನ ಇದ್ದು ನೋಡಿ, ತಲೆಯಲ್ಲಿನ ಬೊಂಬೆಗಳು ತಾವೇ ಬೀಳುತ್ತವೆ ಅಂತ. ಈ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಅನ್ನೋದಕ್ಕೆ ಟೇಲರನಷ್ಟು ಒಳ್ಳೆಯ ಸಾಕ್ಷಿ ಇನ್ನೊಬ್ಬ ಸಿಗೋದು ಕಷ್ಟ. ಅವನಿಗೆ ಅನುಭವಕ್ಕೇನೂ ಕೊರತೆ ಇರಲಿಲ್ಲ.

ಹದಿನೈದರ ಹುಡುಗ

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಅಪ್ಪ ವ್ಯಾಪಾರಿ, ಆದರೆ ವ್ಯಾಪಾರ ಕೈಹಿಡಿಯಲಿಲ್ಲ. ಹುಡುಗ ಚಿಕ್ಕ ವಯಸ್ಸಿನಲ್ಲೇ ಗುಮಾಸ್ತಿಕೆಗೆ ಸೇರಿದ. ಬೊಂಬಾಯಿಯಲ್ಲಿ ಒಬ್ಬ ವರ್ತಕ ದೊಡ್ಡ ಅಂಗಡಿ ಇಟ್ಟಿದ್ದಾನೆ, ಅಲ್ಲಿಗೆ ಹೋದರೆ ಮುಂದೆ ಪಾಲುದಾರನಾಗಬಹುದು ಎಂಬ ಆಸೆ ತೋರಿಸಿ 1824ರಲ್ಲಿ ಅವನನ್ನು ಹಡಗು ಹತ್ತಿಸಿದರು. ಆಗ ಅವನಿಗೆ ಹದಿನೈದು. ಬಂದು ನೋಡಿದರೆ ಆ ವರ್ತಕನೇ ಮುಳುಗುವ ಸ್ಥಿತಿಯಲ್ಲಿದ್ದ.

ಅಮ್ಮನ ಕಡೆಯ ನೆಂಟರೊಬ್ಬರು ಬೊಂಬಾಯಿ ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ಅವರ ಶಿಫಾರಸಿನಿಂದ ಹುಡುಗನಿಗೆ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಇಲ್ಲೊಂದು ವಿಷಯ ಗಮನಿಸಬೇಕು. ನಿಜಾಮನ ಚಾಕರಿ ಅಂದರೆ ಈಸ್ಟ್ ಇಂಡಿಯಾ ಕಂಪನಿಯ ಚಾಕರಿ ಅಲ್ಲ. ಕಂಪನಿಯ ಸಿವಿಲ್ ಅಧಿಕಾರಿಗಳಿಗೆ ಇದ್ದ ಗತ್ತು, ಪಿಂಚಣಿ, ಬಡ್ತಿ ಯಾವುದೂ ಟೇಲರನಿಗೆ ಇರಲಿಲ್ಲ. ಬಿಳಿಯರ ನಡುವೆ ಅವನು ಎರಡನೇ ಸಾಲಿನವನು. ಆ ಕೊರತೆಯೇ ಅವನನ್ನು ಜನರ ಹತ್ತಿರ ತಂದಿತು. ಹಿಂದೂಸ್ತಾನಿ, ಮರಾಠಿ, ಪಾರ್ಸಿ ಕಲಿತ. ದುಭಾಷಿಗಳಿಲ್ಲದೆ ಮಾತಾಡುವ ಸಾಹೇಬ ಎಂಬ ಹೆಸರು ಬಂತು.

1832ರಲ್ಲಿ ಮೇರಿ ಪಾಮರ್ ಎಂಬಾಕೆಯನ್ನು ಮದುವೆಯಾದ. ಮೇರಿಯ ತಂದೆ ವಿಲಿಯಂ ಪಾಮರ್ ಹೈದರಾಬಾದಿನ ಹೆಸರಾಂತ ಸಾಹುಕಾರ. ಅವನ ಅಪ್ಪ ಇಂಗ್ಲಿಷ್ ಜನರಲ್, ಅಮ್ಮ ಭಾರತೀಯ ಮುಸ್ಲಿಂ ಹೆಣ್ಣುಮಗಳು. ಇಂಥ ಬೆರಕೆ ರಕ್ತದವರಿಗೆ ಕಂಪನಿಯ ದೊಡ್ಡ ಹುದ್ದೆಗಳ ಬಾಗಿಲು 1791ರಲ್ಲೇ ಮುಚ್ಚಿಯಾಗಿತ್ತು. ಅಂದರೆ ಹುಟ್ಟು ನೋಡಿ ಮನುಷ್ಯರಿಗೆ ಬೆಲೆ ಕಟ್ಟುವುದು ಹೇಗಿರುತ್ತೆ ಎಂಬುದನ್ನು ಟೇಲರ್ ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. ಅದು ಅವನ ಹೆಂಡತಿಯ ತವರಿನಲ್ಲೇ ಇತ್ತು.

ತಪ್ಪೊಪ್ಪಿಗೆಯ ಕೋಣೆ

ನಿಜಾಮ ಸೀಮೆಯ ನೈಋತ್ಯ ಭಾಗದಲ್ಲಿ, ತುಳಜಾಪುರದ ಆಸುಪಾಸಿನಲ್ಲಿ, ಟೇಲರ್ ಕೆಲಕಾಲ ಪೊಲೀಸ್ ಅಧಿಕಾರಿಯಾಗಿದ್ದ. ದಾರಿಹೋಕರು ಕಾಣೆಯಾಗುತ್ತಿದ್ದರು, ಹೊಲದ ಬದಿಯಲ್ಲಿ ಹೂತ ಹೆಣಗಳು ಸಿಗುತ್ತಿದ್ದವು. ಪ್ರಯಾಣಿಕರ ಜೊತೆ ಸ್ನೇಹ ಬೆಳೆಸಿ, ದಾರಿಯಲ್ಲಿ ಕೊರಳಿಗೆ ಬಟ್ಟೆ ಬಿಗಿದು ಕೊಂದು ದೋಚುವ ಗುಂಪುಗಳು ಇದ್ದವು. ದಕ್ಷಿಣದಲ್ಲಿ ಇವರ ಬಗ್ಗೆ 1816ರಲ್ಲೇ ಮದರಾಸಿನ ಶೆರ್‌ವುಡ್ ಎಂಬ ವೈದ್ಯ ಬರೆದಿದ್ದ. ಕನ್ನಡದಲ್ಲಿ ಅವರನ್ನು ತಂತಿ ಕಳ್ಳರು ಅನ್ನುತ್ತಾರೆ ಎಂದೂ ದಾಖಲಿಸಿದ್ದ. ಟೇಲರ್ ತನಿಖೆ ಶುರುಮಾಡಿದ, ಅಷ್ಟರಲ್ಲಿ ಪಲ್ಟಣಕ್ಕೆ ವಾಪಸ್ ಬರಲು ಆದೇಶ ಬಂತು. ಥಗ್ಗಿಯನ್ನು ಪತ್ತೆಹಚ್ಚಿದ ಕೀರ್ತಿ ಜಬಲ್ಪುರ ಕಡೆಯ ಅಧಿಕಾರಿ ವಿಲಿಯಂ ಸ್ಲೀಮನ್‌ಗೆ ಹೋಯಿತು. ಆ ಬೇಸರ ಟೇಲರನಿಗೆ ಕೊನೆವರೆಗೂ ಇತ್ತು.

ಆದರೆ 1830ರ ದಶಕದಲ್ಲಿ ಹೈದರಾಬಾದಿನಲ್ಲಿ ಸೆರೆಸಿಕ್ಕ ಥಗ್ಗರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಅವನ ಪಾಲಿಗೂ ಬಂತು. ದಿನಗಟ್ಟಲೆ ಕೂತು ಕೇಳಿದ. ಎಷ್ಟು ಜನರನ್ನು ಕೊಂದೆ, ಎಲ್ಲಿ ಹೂತೆ, ಜೊತೆಗೆ ಯಾರಿದ್ದರು, ಯಾವ ದೇವಿಗೆ ಪೂಜೆ ಮಾಡಿದೆ.

ಈ ಕೋಣೆ ಹೇಗಿತ್ತು ಅನ್ನೋದು ಮುಖ್ಯ. ಸ್ಲೀಮನ್ ಕಟ್ಟಿದ ವ್ಯವಸ್ಥೆಯ ಬೆನ್ನೆಲುಬು ಅಪ್ರೂವರ್, ಅಂದರೆ ಮಾಫಿ ಸಾಕ್ಷಿ. ಸಿಕ್ಕಿಬಿದ್ದವನು ತಪ್ಪೊಪ್ಪಿಕೊಂಡು, ಜೊತೆಗಾರರ ಹೆಸರು ಹೇಳಿದರೆ ನೇಣು ತಪ್ಪುತ್ತೆ, ಜೈಲು ಉಳಿಯುತ್ತೆ. ಹೆಸರು ಹೆಚ್ಚಾದಷ್ಟೂ, ಕತೆ ದೊಡ್ಡದಾದಷ್ಟೂ ಅವನ ಜೀವಕ್ಕೆ ಬೆಲೆ. 1836ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಂಥ ಕೊಲೆ ಮಾಡಿದ ಎಂದು ಸಾಬೀತು ಮಾಡಬೇಕಾಗಿಲ್ಲ, ಥಗ್ಗರ ಗುಂಪಿಗೆ ಸೇರಿದವನು ಎಂದು ತೋರಿಸಿದರೆ ಸಾಕು, ಜೀವಾವಧಿ. ಮೂರು ಸಾವಿರಕ್ಕೂ ಹೆಚ್ಚು ಜನ ಹೀಗೆ ವಿಚಾರಣೆಯ ಕಟಕಟೆ ಹತ್ತಿದರು.

ದಾರಿಗಳ್ಳರು ಇದ್ದದ್ದು ನಿಜ, ಕೊಲೆಗಳೂ ನಿಜ. ಆದರೆ ಇಡೀ ದೇಶಕ್ಕೆ ಹಬ್ಬಿದ, ಅಪ್ಪನಿಂದ ಮಗನಿಗೆ ಬರುವ, ಕಾಳಿಗೆ ಹೆಣ ಒಪ್ಪಿಸುವ ಒಂದು ಗುಪ್ತ ಧರ್ಮ ಇತ್ತೇ? ಇದನ್ನು ಇತಿಹಾಸಕಾರರು ಬಹಳ ಕಾಲದಿಂದ ಪ್ರಶ್ನಿಸುತ್ತಿದ್ದಾರೆ. ಯುದ್ಧಗಳು ಮುಗಿದು ಕೆಲಸ ಕಳೆದುಕೊಂಡ ಸಿಪಾಯಿಗಳು, ಬರದಲ್ಲಿ ಊರು ಬಿಟ್ಟವರು, ಜಮೀನ್ದಾರರ ಆಸರೆಯಲ್ಲಿದ್ದ ಪುಂಡರು, ಹೀಗೆ ಬೇರೆ ಬೇರೆ ಕಾರಣಕ್ಕೆ ದಾರಿಗೆ ಬಿದ್ದವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಒಂದೇ ಚೀಟಿ ಅಂಟಿಸಿದ್ದು ಆ ಕೋಣೆ.

ಟೇಲರನಿಗೆ ಅಲ್ಲಿ ಸಿಕ್ಕಿದ್ದು ಕೂಡ ಅನುಭವವೇ. ಖುದ್ದು ನೋಡಿದ್ದು, ಖುದ್ದು ಕೇಳಿದ್ದು. ಆದರೆ ಹೇಳುವವನ ಕಾಲಿಗೆ ಬೇಡಿ ಇತ್ತು, ಕೇಳುವವನ ಕೈಯಲ್ಲಿ ಲೇಖನಿ ಇತ್ತು. ಅಂಥ ಜಾಗದಲ್ಲಿ ಕೇಳುವವನಿಗೆ ಏನು ಬೇಕೋ ಅದೇ ಸಿಗುತ್ತೆ.

ಲಂಡನ್ನಿನಲ್ಲಿ ಗೆದ್ದ ಪುಸ್ತಕ

ಕಾಯಿಲೆ ಬಿದ್ದ ಟೇಲರ್ ರಜೆ ಹಾಕಿ ಇಂಗ್ಲೆಂಡಿಗೆ ಹೋದ. 1839ರಲ್ಲಿ ಅವನ ಮೊದಲ ಕಾದಂಬರಿ ಬಂತು, ಥಗ್ ಒಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ. ಅಮೀರ್ ಅಲಿ ಎಂಬ ಮಾಫಿ ಸಾಕ್ಷಿ ಸಾಹೇಬನ ಮುಂದೆ ಕೂತು ತನ್ನ ಕತೆ ತಾನೇ ಹೇಳುತ್ತಾನೆ. ಅವನು ಭಾಗಿಯಾದ ಕೊಲೆಗಳ ಲೆಕ್ಕ 719. ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. ಹೊಸದಾಗಿ ಪಟ್ಟಕ್ಕೆ ಬಂದಿದ್ದ ರಾಣಿ ವಿಕ್ಟೋರಿಯಾ ಪುಸ್ತಕ ಬರುವವರೆಗೂ ಕಾಯಲಾರದೆ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳು ಎಂಬ ಮಾತಿದೆ.

ಕಾದಂಬರಿಯಾಗಿ ಅದು ಕೆಟ್ಟದ್ದಲ್ಲ. ಅಮೀರ್ ಅಲಿ ಬರೀ ರಾಕ್ಷಸನೂ ಅಲ್ಲ. ಹೆತ್ತವರನ್ನು ಥಗ್ಗರೇ ಕೊಂದು ಸಾಕಿಕೊಂಡ ಹುಡುಗ ಅವನು. ಪ್ರೀತಿ ಮಾಡುತ್ತಾನೆ, ಅಳುತ್ತಾನೆ. ಓದುತ್ತಾ ಹೋದಂತೆ ಅವನ ಮೇಲೆ ನಮಗೂ ಅಕ್ಕರೆ ಬರುತ್ತೆ. ಆದರೆ ಇಂಗ್ಲಿಷ್ ಓದುಗ ಪುಸ್ತಕ ಮುಚ್ಚಿದಾಗ ನೆನಪಿನಲ್ಲಿಟ್ಟುಕೊಂಡಿದ್ದು ಅಮೀರ್ ಅಲಿಯನ್ನಲ್ಲ. ಭಾರತದ ದಾರಿಯಲ್ಲಿ ನಗುನಗುತ್ತಾ ಮಾತಾಡಿಸುವ ಯಾರನ್ನೂ ನಂಬಬೇಡ ಎಂಬ ಪಾಠವನ್ನು. ಆ ಪಾಠ ಸಿನಿಮಾಕ್ಕೂ ಹೋಯಿತು. 1939ರ ಗಂಗಾ ದೀನ್, 1984ರ ಇಂಡಿಯಾನಾ ಜೋನ್ಸ್ ಎರಡರಲ್ಲೂ ಕಾಳಿಗೆ ನರಬಲಿ ಕೊಡುವ ಥಗ್ಗರೇ ಖಳರು.

ಮರುವರ್ಷ, 1840ರಲ್ಲಿ, ಟಿಪ್ಪು ಸುಲ್ತಾನನ ಮೇಲೆ ಕಾದಂಬರಿ ಬರೆದ. ಟಿಪ್ಪು ಸತ್ತು ನಲವತ್ತು ವರ್ಷ ಕಳೆದಿತ್ತು. ಟೇಲರ್ ಅವನನ್ನು ನೋಡಿದವನಲ್ಲ. ಇಂಗ್ಲೆಂಡಿನಲ್ಲಿ ಆಗಲೇ ತಯಾರಾಗಿದ್ದ ಕ್ರೂರ ಸುಲ್ತಾನನ ಅಚ್ಚಿಗೆ ತಾನೂ ಎರಕ ಹೊಯ್ದ, ಅಷ್ಟೇ. ಆ ಅಚ್ಚು ಇವತ್ತು ಕರ್ನಾಟಕದ ಚುನಾವಣೆಗಳಲ್ಲಿ ಯಾವ ಕೆಲಸಕ್ಕೆ ಬರುತ್ತಿದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಬೇಡರ ಸೀಮೆಯಲ್ಲಿ

1841ರಲ್ಲಿ ಟೇಲರನನ್ನು ಸುರಪುರಕ್ಕೆ ಕಳಿಸಿದರು. ಕೃಷ್ಣಾ, ಭೀಮಾ ನದಿಗಳ ನಡುವಿನ ಈ ಪುಟ್ಟ ಸಂಸ್ಥಾನ ಬೇಡ ನಾಯಕರದು. ನಿಜಾಮನಿಗೆ ಕಪ್ಪ ಕೊಡುತ್ತಿತ್ತು, ನಜರಾಣೆಯ ಸಾಲದಲ್ಲಿ ಮುಳುಗಿತ್ತು. ಬೇಡರ ಬಗ್ಗೆ ಹೊರಗಿನವರಿಗೆ ಇದ್ದ ಅಭಿಪ್ರಾಯ ಹಳೆಯದು. 1705ರಲ್ಲಿ ಔರಂಗಜೇಬ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಇಲ್ಲೇ ಪಕ್ಕದ ವಾಗಣಗೇರಿಯದು. ಕೋಟೆ ಸಿಕ್ಕಿತು, ಬೇಡರು ಸಿಗಲಿಲ್ಲ. ಆ ಸಿಟ್ಟಿಗೆ ಮೊಗಲ್ ಚರಿತ್ರಕಾರರು ಅವರನ್ನು ಕೀಳು ಜನ, ಲೂಟಿಕೋರರು ಎಂದು ಬರೆದರು. ಬ್ರಿಟಿಷರು ಅದನ್ನೇ ನಕಲು ಮಾಡಿಕೊಂಡರು. ಟೇಲರ್ ಬಂದಾಗ ಅವನ ತಲೆಯಲ್ಲೂ ಇದ್ದದ್ದು ಅದೇ ಚಿತ್ರ. ಕೈಯಲ್ಲಿ ಆಯುಧ, ಮನಸ್ಸಿನಲ್ಲಿ ಲೂಟಿ.

1842ರಲ್ಲಿ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ಇನ್ನೂ ಚಿಕ್ಕವನು. ಆಡಳಿತ ಯಾರ ಕೈಗೆ ಎಂಬ ಜಗಳದಲ್ಲಿ ಟೇಲರ್ ಸತ್ತ ರಾಜನ ತಮ್ಮ ಪಿಡ್ಡ ನಾಯಕನ ಬೆನ್ನಿಗೆ ನಿಂತ. ಹುಡುಗನ ತಾಯಿ ರಾಣಿ ಈಶ್ವರಮ್ಮ ಅದನ್ನು ಒಪ್ಪಲಿಲ್ಲ. ವರ್ಷಗಟ್ಟಲೆ ಎದುರಿಸಿದಳು. ಕೊನೆಗೆ ಅಧಿಕಾರವೆಲ್ಲ ಟೇಲರನ ಕೈಗೇ ಬಂತು.

ಮುಂದಿನ ವರ್ಷಗಳಲ್ಲಿ ಅವನು ಮಾಡಿದ ಕೆಲಸಗಳನ್ನು ಸುರಪುರದವರು ಇವತ್ತಿಗೂ ಹೇಳುತ್ತಾರೆ. ಜಮೀನಿನ ಅಳತೆ ಮಾಡಿಸಿದ, ಕಂದಾಯಕ್ಕೆ ಲೆಕ್ಕ ತಂದ, ರಸ್ತೆ ಮಾಡಿಸಿದ, ಸಾಲ ಇಳಿಸಿದ. ಈಗ ಪಕ್ಷಿಧಾಮವಾಗಿರುವ ಬೋನಾಳದ ಕೆರೆಯ ಜೊತೆ ಅವನ ಹೆಸರೂ ಇದೆ. 1844ರಲ್ಲಿ ಹೆಂಡತಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ. ಗುಡ್ಡದ ಮೇಲಿನ ಬಂಗಲೆಯಲ್ಲಿ ಒಂಟಿ ಸಾಹೇಬ, ಕೆಳಗೆ ಊರು. ಬಂಗಲೆಗೆ ಓಡಿಬರುತ್ತಿದ್ದ ಹುಡುಗ ರಾಜ ವೆಂಕಟಪ್ಪ ಅವನನ್ನು ಕರೆಯುತ್ತಿದ್ದದ್ದು ಅಪ್ಪ ಅಂತ. ಟೇಲರ್ ತನ್ನ ಆತ್ಮಕತೆಯಲ್ಲಿ ಆ ಕನ್ನಡ ಪದವನ್ನು ಹಾಗೇ ಇಟ್ಟುಕೊಂಡಿದ್ದಾನೆ.

ಇದೇ ಹೊತ್ತಿನಲ್ಲಿ ಅವನಿಗೆ ಇನ್ನೊಂದು ಹುಚ್ಚು ಹತ್ತಿತು. ರಾಜನಕೋಳೂರು, ಜೇವರ್ಗಿ ಕಡೆ ಹೊಲಗಳಲ್ಲಿ ದೊಡ್ಡ ದೊಡ್ಡ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಗೂಡುಗಳಿದ್ದವು, ಕಲ್ಲುಗುಂಡಿನ ವೃತ್ತಗಳಿದ್ದವು. ಟೇಲರ್ ಅಗೆಸಿ ನೋಡಿದ, ಚಿತ್ರ ಬರೆದ, ಅಳತೆ ತೆಗೆದ. ಸಾವಿರಾರು ವರ್ಷ ಹಿಂದಿನ ಗೋರಿಗಳು ಅವು. ಅವನಿಗೆ ಸೋಜಿಗ ಹುಟ್ಟಿಸಿದ ಸಂಗತಿ ಏನೆಂದರೆ, ತನ್ನ ತಾಯ್ನಾಡಿನ ಬಯಲುಗಳಲ್ಲಿ ಇಂಥವೇ ಕಲ್ಲುಗಳು ನಿಂತಿದ್ದವು. ಇಲ್ಲಿನವರ ಪೂರ್ವಿಕರೂ ಅಲ್ಲಿನವರ ಪೂರ್ವಿಕರೂ ಸತ್ತವರನ್ನು ಒಂದೇ ಥರ ಮಲಗಿಸಿದ್ದರು. ಅವುಗಳನ್ನು ಕಟ್ಟಿದವರು ಯಾರು ಎಂಬ ಅವನ ಊಹೆಗಳು ಈಗ ನಿಲ್ಲುವುದಿಲ್ಲ, ಆದರೆ ದಖ್ಖನ್ನಿನ ಬೃಹತ್ ಶಿಲಾ ಗೋರಿಗಳನ್ನು ಹೀಗೆ ಅಳೆದು ಬರೆದಿಟ್ಟ ಮೊದಲಿಗರಲ್ಲಿ ಅವನೊಬ್ಬ.

ಇಷ್ಟರ ಹೊತ್ತಿಗೆ ಬೇಡರು ಅವನ ಬರಹದಲ್ಲಿ ಬದಲಾಗಿದ್ದರು. ಹೆಸರಿರುವ ಮನುಷ್ಯರಾಗಿದ್ದರು. ಬೇಟೆಗೆ ಜೊತೆ ಬಂದವರು, ಮಾತು ಕೊಟ್ಟು ಉಳಿಸಿಕೊಂಡವರು, ಕಾಯಿಲೆ ಬಿದ್ದಾಗ ಬಾಗಿಲಲ್ಲಿ ಕೂತವರು. 1853ರಲ್ಲಿ ವೆಂಕಟಪ್ಪ ಪ್ರಾಯಕ್ಕೆ ಬಂದ, ಸಂಸ್ಥಾನ ಅವನ ಕೈಗೆ ಹೋಯಿತು, ಟೇಲರ್ ಹೊರಟ. ಅವನೇ ಬರೆದುಕೊಂಡಿರುವಂತೆ ಜನ ಅಳುತ್ತಾ ಕಳಿಸಿಕೊಟ್ಟರು.

ಹಾಗಾದರೆ ಬೆರೆತರೆ ಕರಗುತ್ತೆ ಅನ್ನೋ ಮಾತು ನಿಜವಾಯ್ತಲ್ಲ? ಅರ್ಧ ನಿಜವಾಯಿತು. ರಾಣಿ ಈಶ್ವರಮ್ಮನನ್ನೇ ನೋಡಿ. ಅದೇ ಊರು, ಅದೇ ಹನ್ನೆರಡು ವರ್ಷ. ಆದರೆ ಆಕೆ ಟೇಲರನ ಬರಹದಲ್ಲಿ ಕೊನೆವರೆಗೂ ಕುತಂತ್ರಿ, ನಡತೆಗೆಟ್ಟ ಹೆಣ್ಣು. ಪೂರ್ವದೇಶದ ಅಂತಃಪುರ ಅಂದರೆ ಹೀಗೇ ಇರುತ್ತೆ ಎಂದು ಇಂಗ್ಲಿಷ್ ಪುಸ್ತಕಗಳು ಬರೆಯುತ್ತಿದ್ದ ಅಚ್ಚಿನಲ್ಲೇ ಆಕೆ ಕೂತಳು. ತನ್ನ ಮಗನ ರಾಜ್ಯ ಪರದೇಶಿಯೊಬ್ಬನ ಕೈಗೆ ಹೋಗುವುದನ್ನು ತಡೆಯಲು ಹೊರಟ ರಾಜಕಾರಣಿಯಾಗಿ ಅವಳನ್ನು ನೋಡಲು ಅವನಿಂದ ಆಗಲಿಲ್ಲ. ಅಪ್ಪ ಎಂದವನು ಮನುಷ್ಯನಾದ, ಎದುರು ನಿಂತವಳು ಮಾದರಿಯಾಗಿಯೇ ಉಳಿದಳು. ಇಬ್ಬರೂ ಒಂದೇ ಮನೆಯವರು, ತಾಯಿ ಮತ್ತು ಮಗ.

1858

1857ರ ದಂಗೆಯ ಸುದ್ದಿ ದಖ್ಖನ್ನಿಗೂ ಬಂತು. ಆ ವರ್ಷದ ಕೊನೆಗೆ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ದಂಗೆ ಎದ್ದರು. ಕಾರಣ, ಆಯುಧಗಳನ್ನು ಒಪ್ಪಿಸಿ ಎಂಬ ಸರ್ಕಾರದ ಕಾನೂನು. ಹಲಗಲಿಯನ್ನು ಸುಟ್ಟುಹಾಕಿದರು. ಲಾವಣಿಗಳಲ್ಲಿ ಆ ಬೆಂಕಿ ಇನ್ನೂ ಉರಿಯುತ್ತಿದೆ. ಸುರಪುರದ ಯುವ ರಾಜ ವೆಂಕಟಪ್ಪ ನಾಯಕನ ಮೇಲೂ ಕಣ್ಣು ಬಿತ್ತು. 1858ರ ಫೆಬ್ರವರಿಯಲ್ಲಿ ಇಂಗ್ಲಿಷ್ ಸೈನ್ಯ ಸುರಪುರದ ಹೊರಗೆ ಬೀಡುಬಿಟ್ಟಿತು, ಕಾಳಗ ನಡೆಯಿತು. ಇಂಗ್ಲಿಷರ ಕಡೆ ನ್ಯೂಬೆರಿ, ಸ್ಟುವರ್ಟ್ ಎಂಬ ಇಬ್ಬರು ಅಧಿಕಾರಿಗಳು ಸತ್ತರು. ರಾಜ ರಾತ್ರೋರಾತ್ರಿ ಹೊರಟು ಹೈದರಾಬಾದ್ ಸೇರಿದ. ಅಲ್ಲಿ ಸಾಲಾರ್ ಜಂಗನ ಕಡೆಯವರು ಹಿಡಿದು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದರು.

ಟೇಲರ್ ಆ ಹೊತ್ತಿಗೆ ಬೆರಾರಿನ ಬುಲ್ಡಾಣದಲ್ಲಿ ಅಧಿಕಾರಿ. ಹುಡುಗನನ್ನು ನೋಡಲು ಸೆರೆಮನೆಗೆ ಬಂದ. ಅಪ್ಪಾ ಎಂದು ಅವನು ಅತ್ತುಬಿಟ್ಟ ಎಂದು ಬರೆಯುತ್ತಾನೆ. ದಂಗೆಗೆ ಕುಮ್ಮಕ್ಕು ಕೊಟ್ಟ ಉಳಿದವರು ಯಾರು ಎಂದು ಹೇಳಿದರೆ ಜೀವ ಉಳಿಯಬಹುದು ಎಂದು ಸೂಚಿಸಲಾಯಿತು. ನೆನಪಿದೆಯಾ, ಅದೇ ತಪ್ಪೊಪ್ಪಿಗೆಯ ಕೋಣೆ. ಬೇಡಿ ಹಾಕಿಕೊಂಡವನು ಒಬ್ಬ, ಕೇಳುವವನು ಅದೇ ಟೇಲರ್. ಆದರೆ ಈ ಬಾರಿ ಹೇಳಬೇಕಾದವನು ಹೆಸರು ಹೇಳಲಿಲ್ಲ. ಟೇಲರನ ಬರಹದ ಪ್ರಕಾರ ವೆಂಕಟಪ್ಪ ಕೇಳಿಕೊಂಡದ್ದು ಒಂದೇ ಒಂದು. ತನ್ನನ್ನು ನೇಣಿಗೆ ಹಾಕಬಾರದು, ತಾನು ದರೋಡೆಕೋರನಲ್ಲ. ಬೇಕಿದ್ದರೆ ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಲಿ, ಅಲುಗಾಡದೆ ನಿಲ್ಲುತ್ತೇನೆ ಎಂದ.

ಈ ಕೋರಿಕೆಯನ್ನು ಬರೀ ವೀರಾವೇಶ ಅಂತ ಓದಬಾರದು. ಇಪ್ಪತ್ನಾಲ್ಕರ ಆಸುಪಾಸಿನ ಆ ಹುಡುಗನಿಗೆ ತನ್ನ ಜನರ ಹಣೆಗೆ ಯಾವ ಚೀಟಿ ಅಂಟಿದೆ ಅಂತ ಚೆನ್ನಾಗಿ ಗೊತ್ತಿತ್ತು. ಸಾಯುವಾಗಲಾದರೂ ಆ ಚೀಟಿ ಕಿತ್ತುಹಾಕಿ ಎಂದು ಅವನು ಕೇಳುತ್ತಿದ್ದ. ಅದನ್ನು ಕೇಳಿದ್ದು, ಆ ಥರದ ಚೀಟಿಗಳಲ್ಲೇ ಅತಿ ಹೆಸರಾದ ಚೀಟಿಯನ್ನು ಬರೆದ ಲೇಖಕನ ಬಳಿ.

ಮರಣದಂಡನೆ ದ್ವೀಪಾಂತರವಾಯಿತು, ಆಮೇಲೆ ಮದರಾಸು ಪ್ರಾಂತ್ಯದ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜ ಗುಂಡು ಹಾರಿಸಿಕೊಂಡು ಸತ್ತ ಎಂದು ಸರ್ಕಾರಿ ದಾಖಲೆ ಹೇಳುತ್ತೆ. ಕೊಂದರು ಎನ್ನುವ ಮಾತು ಸುರಪುರದ ಕಡೆ ಇವತ್ತಿಗೂ ಇದೆ. ಸಂಸ್ಥಾನ ಕೆಲಕಾಲ ಟೇಲರನ ಉಸ್ತುವಾರಿಯಲ್ಲಿತ್ತು. ಬಂಗಲೆ ಇತ್ತು, ಗುಡ್ಡ ಇತ್ತು, ಹುಡುಗ ಇರಲಿಲ್ಲ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಉಡುಗೊರೆಯಾಗಿ ಕೊಟ್ಟರು. ಟೇಲರ್ ಭಾರತ ಬಿಟ್ಟ.

ಮತ್ತೆ ಪಟ್ಟಿ

ಇಂಗ್ಲೆಂಡಿಗೆ ಹೋದ ಮೇಲಿನ ಟೇಲರನಲ್ಲಿ ಇಬ್ಬರಿದ್ದಾರೆ. ಒಬ್ಬ 1872ರಲ್ಲಿ ಸೀತಾ ಎಂಬ ಕಾದಂಬರಿ ಬರೆದವನು. ಅದರಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಗೌರವದಿಂದ ಮದುವೆಯಾಗುತ್ತಾನೆ. 1857ರ ನಂತರ ಭಾರತೀಯರನ್ನು ದ್ವೇಷಿಸುವುದೇ ಫ್ಯಾಷನ್ ಆಗಿದ್ದಾಗ ಅದು ಧೈರ್ಯದ ಮಾತು. ಆದರೆ ಆ ಧೈರ್ಯಕ್ಕೂ ಒಂದು ಗೆರೆಯಿತ್ತು. ಕತೆಯ ಕೊನೆಗೆ ಸೀತಾ ಗಂಡನ ಜೀವ ಉಳಿಸಲು ಹೋಗಿ ಸಾಯುತ್ತಾಳೆ, ಅವನು ಇಂಗ್ಲಿಷ್ ಹೆಣ್ಣನ್ನು ಮದುವೆಯಾಗುತ್ತಾನೆ.

ಇನ್ನೊಬ್ಬ ಟೇಲರ್ ಸರ್ಕಾರದ ಕೆಲಸ ಒಪ್ಪಿಕೊಂಡವನು. 1868ರಿಂದ ಭಾರತದ ಜನಜಾತಿಗಳ ಫೋಟೊಗಳ ಎಂಟು ಸಂಪುಟಗಳು ಲಂಡನ್ನಿನಿಂದ ಹೊರಬಂದವು. ಫೋಟೊ ಕೆಳಗೆ ಜಾತಿಯ ಹೆಸರು, ಜೊತೆಗೆ ಆ ಜನ ನಂಬಿಗಸ್ತರೋ, ಮೋಸಗಾರರೋ, ಸೋಮಾರಿಗಳೋ ಎಂಬ ವಿವರಣೆ. ಅದರ ಎಷ್ಟೋ ಬರಹ ಟೇಲರನದು. ಹನ್ನೆರಡು ವರ್ಷ ಜನರ ನಡುವೆ ಇದ್ದವನ ಕೈಯಲ್ಲೇ ಮುಖಗಳು ಮತ್ತೆ ಮಾದರಿಗಳಾದವು.

ಆ ಸಂಪುಟಗಳು ಬರುತ್ತಿದ್ದ ಹೊತ್ತಿಗೇ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಎಂಬುದು ಅದರ ತರ್ಕ. ಥಗ್ಗರ ಮೇಲೆ ಪ್ರಯೋಗಿಸಿ ನೋಡಿದ ಸೂತ್ರ ಈಗ ಇಡೀ ಸಮುದಾಯಗಳ ಮೇಲೆ ಬಿತ್ತು. ಹುಟ್ಟಿದ ಮಗುವೂ ಶಂಕಿತ. ಪೊಲೀಸ್ ಠಾಣೆಯಲ್ಲಿ ಹಾಜರಿ, ಊರು ಬಿಡಲು ಪರವಾನಗಿ. ಮುಂದೆ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಬೇಲಿ ಹಾಕಿದ ಸೆಟ್ಲ್‌ಮೆಂಟುಗಳು ಎದ್ದವು. ಹುಬ್ಬಳ್ಳಿ, ಗದಗಿನಲ್ಲಿ ಆ ಬಡಾವಣೆಗಳಿಗೆ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಮುಂಬೈ ಪ್ರಾಂತ್ಯದ ಪೊಲೀಸರ ಕೈಪಿಡಿಯಲ್ಲಿ ಅಪರಾಧಿ ವರ್ಗಗಳ ಸಾಲಿಗೆ ಬೇರಡರೂ ಸೇರಿದರು. ಬೇರಡ್ ಅಂದರೆ ಮರಾಠಿ ಬಾಯಲ್ಲಿ ಬೇಡ. ತಾನು ದರೋಡೆಕೋರನಲ್ಲ ಎಂದು ಕೊನೆಯ ಕೋರಿಕೆ ಸಲ್ಲಿಸಿದ ವೆಂಕಟಪ್ಪನ ಜನ.

ಆ ಕಾಯ್ದೆಯನ್ನು ಟೇಲರ್ ಬರೆಯಲಿಲ್ಲ. ಆದರೆ ಅದನ್ನು ಓದಿದ ಇಂಗ್ಲಿಷರಿಗೆ ಅದು ವಿಚಿತ್ರ ಅನ್ನಿಸದ ಹಾಗೆ ಮಾಡಿದವರಲ್ಲಿ ಅವನಿದ್ದ. ದೃಷ್ಟಿ ಮಸುಕಾಗಿದ್ದ ಟೇಲರ್ 1875ರಲ್ಲಿ ಕೊನೆಯ ಬಾರಿ ಹೈದರಾಬಾದಿಗೆ ಬಂದ. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಮರುವರ್ಷ ಮಗಳು ಅವನ ಆತ್ಮಕತೆಯನ್ನು ಪ್ರಕಟಿಸಿದಳು.

ನಮ್ಮ ಕಡೆ ತಿರುಗಿಸಿ ನೋಡಿದರೆ

1952ರಲ್ಲಿ ಆ ಕಾಯ್ದೆ ದೇಶದಿಂದಲೇ ಹೋಯಿತು. ಅದರ ನೆರಳು ಹೋಗಲಿಲ್ಲ. ಬೆಳಗಾವಿ ಪಕ್ಕದ ಯಮನಾಪುರದ ಭೀಮರಾವ್ ಗಸ್ತಿ ಮರಾಠಿಯಲ್ಲಿ ಬರೆದ ಆತ್ಮಕತೆಯ ಹೆಸರೇ ಬೇರಡ್. ಸ್ವತಂತ್ರ ಭಾರತದಲ್ಲೂ ಆ ಜನರ ಮೇಲೆ ಕಳ್ಳತನದ ಆರೋಪ ಹೇಗೆ ಸುಲಭವಾಗಿ ಬಂದು ಕೂರುತ್ತಿತ್ತು ಎಂಬುದು ಅದರಲ್ಲಿದೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ರದ್ದುಮಾಡುವಾಗ, ಇಂಥ ಸಮುದಾಯಗಳನ್ನು ಹುಟ್ಟು ಅಪರಾಧಿಗಳಂತೆ ಕಾಣುವ ಜೈಲು ನಿಯಮಗಳನ್ನೂ ಕಿತ್ತುಹಾಕಬೇಕಾಯಿತು. ಅಂದರೆ ಅವು ಅಲ್ಲಿಯವರೆಗೂ ಇದ್ದವು.

ಇದೆಲ್ಲ ಪೊಲೀಸರ, ಜೈಲಿನ ಕತೆ, ನಮಗೇನು ಅನ್ನಬೇಡಿ. ಸುರಪುರ, ಶಹಾಪುರ ಕಡೆಯಿಂದ ಗುಳೆ ಬಂದ ಕುಟುಂಬಗಳು ಬೆಂಗಳೂರಿನ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡಿನಲ್ಲಿ ಇರುತ್ತವೆ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಸೈಕಲ್ ಕಳುವಾದರೆ ಮೊದಲು ಕಣ್ಣು ಹೋಗೋದು ಎಲ್ಲಿಗೆ? ಮನೆ ಬಾಡಿಗೆಗೆ ಕೇಳಲು ಹೋದಾಗ ಯಾವ ಕಡೆಯವರು ಅಂತ ಕೇಳುವವರು ಬರೀ ಜಿಲ್ಲೆಯ ಹೆಸರು ತಿಳಿಯಲು ಕೇಳುವುದಿಲ್ಲ. ಬಿಹಾರದವರು, ಈಶಾನ್ಯದವರು, ತಮಿಳರು, ಕಲ್ಯಾಣ ಕರ್ನಾಟಕದವರು, ಪ್ರತಿಯೊಬ್ಬರಿಗೂ ನಮ್ಮ ಹತ್ತಿರ ಒಂದೊಂದು ಚೀಟಿ ರೆಡಿ ಇದೆ. ಕೇಳಿದರೆ, ಅನುಭವದಿಂದಲೇ ಹೇಳ್ತಿದೀನಿ, ನಮ್ಮನೇಲಿ ಹಿಂಗಾಯ್ತು ಅಂತ ಸಾಕ್ಷಿಯೂ ರೆಡಿ.

ಟೇಲರನ ಬದುಕು ಈ ಸಾಕ್ಷಿಯನ್ನು ಒಂದು ಪ್ರಶ್ನೆ ಕೇಳುವಂತೆ ಮಾಡುತ್ತೆ. ಆ ಅನುಭವ ಆಗುವಾಗ ನೀವು ಎಲ್ಲಿ ನಿಂತಿದ್ದಿರಿ? ಬಾಡಿಗೆ ಕೊಡುವವರಾಗಿಯೋ, ಕೇಳುವವರಾಗಿಯೋ? ಕೂಲಿ ಕೊಡುವವರಾಗಿಯೋ, ಪಡೆಯುವವರಾಗಿಯೋ? ತಪ್ಪೊಪ್ಪಿಗೆಯ ಕೋಣೆಯಲ್ಲಿ ಕೂತು ಸಾವಿರ ಜನರ ಮಾತು ಕೇಳಿದರೂ ಬೆಳೆಯೋದು ಚೀಟಿ ಮಾತ್ರ.

ಎರಡನೆಯ ಎಚ್ಚರ ಇನ್ನೂ ಸೂಕ್ಷ್ಮ. ಟೇಲರನಿಗೆ ವೆಂಕಟಪ್ಪನ ಮೇಲಿದ್ದ ಪ್ರೀತಿ ಸುಳ್ಳಲ್ಲ. ಆದರೆ ಆ ಪ್ರೀತಿ ವೆಂಕಟಪ್ಪನನ್ನು ಪಟ್ಟಿಯಿಂದ ಹೊರಗೆ ತೆಗೆಯಿತೇ ಹೊರತು ಪಟ್ಟಿಯನ್ನು ಹರಿಯಲಿಲ್ಲ. ನಾವೂ ಹಾಗೇ ಮಾಡುತ್ತೇವೆ. ಗೆಳೆಯನ ಹೆಗಲ ಮೇಲೆ ಕೈ ಹಾಕಿ, ನೀನು ಬಿಡು ಮಾರಾಯ, ಅವರ ಥರ ಅಲ್ಲ ಅಂತೀವಿ. ಹೊಗಳಿಕೆ ಅಂದುಕೊಂಡೇ ಅಂತೀವಿ. ಕೇಳಿಸಿಕೊಂಡವನು ನಗುತ್ತಾನೆ, ಬೇರೆ ದಾರಿಯಿಲ್ಲ. ಮನೆಗೆ ಹೋದರೆ ಅವನ ಅಪ್ಪ, ಅಮ್ಮ, ತಂಗಿ ಎಲ್ಲರೂ ಆ ‘ಅವರೇ’ ಆಗಿರುತ್ತಾರೆ.

ಮುಂದಿನ ಸಲ ಆ ಮಾತು ನಾಲಿಗೆ ತುದಿಗೆ ಬಂದಾಗ ಸೆರೆಮನೆಯಲ್ಲಿದ್ದ ಆ ಹುಡುಗನನ್ನು ನೆನಪು ಮಾಡಿಕೊಳ್ಳಿ. ಅವನು ಸಾಯಲು ಹೆದರಿರಲಿಲ್ಲ. ಕಳ್ಳನೆಂದು ಸಾಯುವುದು ಮಾತ್ರ ಬೇಡವಾಗಿತ್ತು.